ಪಕ್ಕದ ಹಸುವನ್ನು ನೋಡುತ್ತ ಕೊಂಡ ಟಿವಿ

ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟಳು. ಮಾತು ಬಿಡಲಿಲ್ಲ, ಮುಖ ನೋಡುವುದನ್ನು ಬಿಟ್ಟಳು. ತಟ್ಟೆ ಮುಂದಿಟ್ಟು ಸಾರು ಹಾಕಲೇ ಎಂದು ಕೇಳಿದರೆ ಬಾಗಿಲಿನ ಕಡೆ ತಿರುಗಿ ಹಾಕು ಅನ್ನುತ್ತಿದ್ದಳು. ನಾನು ಎದುರಿಗೆ ಕುಳಿತರೆ ಅವಳ ಕಣ್ಣು ನನ್ನ ಕಿವಿಯ ಪಕ್ಕದಿಂದ ಹಾದು ಹಿಂದಿದ್ದ ಕ್ಯಾಲೆಂಡರಿಗೆ ಹೋಗುತ್ತಿತ್ತು. ಮೊದಮೊದಲು ನಾನೂ ತಿರುಗಿ ಆ ಕ್ಯಾಲೆಂಡರನ್ನು ನೋಡುತ್ತಿದ್ದೆ. ಆಮೇಲೆ ಬಿಟ್ಟೆ.

ಕಾರಣ ನನಗೆ ಗೊತ್ತಿದೆ ಎಂದುಕೊಂಡಿದ್ದೆ. ತಮಿಳುನಾಡಿನ ಗಡಿಯಲ್ಲಿ ಬೇರಿಕೆಯ ಪಕ್ಕದ ಹಳ್ಳಿ ನಮ್ಮದು. ಅಪ್ಪನ ಕಾರ್ಯಗಳೆಲ್ಲ ಮುಗಿದ ಮೇಲೆ ನಾನೇ ಮುಂದೆ ನಿಂತು ಹಸುಗಳನ್ನು ದೊಡ್ಡಪ್ಪನ ಕೊಟ್ಟಿಗೆಗೆ ಹೊಡೆಸಿದೆ, ಹೊಲವನ್ನು ಪಾಲಿಗೆ ಕೊಟ್ಟೆ, ಮನೆಗೆ ಬೀಗ ಹಾಕಿದೆ, ಅಮ್ಮನನ್ನು ಹೊಸೂರಿಗೆ ಕರೆದುಕೊಂಡು ಬಂದೆ. ಅವಳು ಬೇಡ ಎನ್ನಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ಮುಂದಿನ ಸೀಟಿನ ಬೆನ್ನನ್ನೇ ನೋಡಿದಳು. ಊರು ಬಿಡಿಸಿದ ಸಿಟ್ಟು ಅದು, ಇಷ್ಟು ದಿನವಾದರೂ ಇಳಿದಿಲ್ಲ ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ನನಗೆ ಅದರಿಂದ ದುಃಖವಾಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಆ ವರ್ಷ ನನಗೆ ಏನೂ ಆಗುತ್ತಿರಲಿಲ್ಲ. ಅಪ್ಪನ ಹೆಣದ ಮುಂದೆ ಕೂಡ ನಾನು ಅಳಲಿಲ್ಲ. ಅಳಬಾರದೆಂದು ಹಟ ಹಿಡಿದಿದ್ದೆನೆಂದಲ್ಲ, ಬರಲಿಲ್ಲ ಅಷ್ಟೆ. ಊರ ಹೆಂಗಸರು ನನ್ನ ಹೆಗಲು ಹಿಡಿದು ಅಲ್ಲಾಡಿಸಿ, ಅತ್ತುಬಿಡು ಅತ್ತುಬಿಡು ಎಂದು ಹೇಳಿ ಹೇಳಿ ಸೋತರು. ಓದಿದವಳು, ಕಲ್ಲು ಮನಸ್ಸು ಎಂದು ಒಬ್ಬಾಕೆ ಜಗಲಿಯ ಮೇಲೆ ಕುಳಿತು ನನಗೆ ಕೇಳುವ ಹಾಗೆ ಹೇಳಿದಳು. ನಾನು ಬಂದವರಿಗೆ ಕಾಫಿ ಲೋಟ ಸಾಲುತ್ತವೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಆಮೇಲೂ ಹಾಗೇ. ಬೆಳಿಗ್ಗೆ ಕಂಪನಿ ಬಸ್ಸು ಹತ್ತುವುದು, ಕಾರ್ಖಾನೆಯ ಸ್ಟೋರ್ಸಿನಲ್ಲಿ ಕುಳಿತು ಕೇಳಿದವರಿಗೆ ಬೋಲ್ಟು, ಬೇರಿಂಗು, ಕೈಗವಸು ಕೊಡುವುದು, ಸಂಜೆ ಇಳಿದು ಸೊಪ್ಪು ಕೊಂಡು ಮನೆಗೆ ಬರುವುದು. ಮರಗಟ್ಟಿದ ಕಾಲಿನ ಮೇಲೆ ನಡೆಯುವ ಹಾಗೆ ದಿನಗಳು ಹೋಗುತ್ತಿದ್ದವು. ಜುಮ್ಮೆನ್ನುವುದೂ ಇಲ್ಲ, ನೋವೂ ಇಲ್ಲ. ಆದರೆ ಅಮ್ಮ ಒಂದು ಸಲ, ಬೈಯುವುದಕ್ಕಾದರೂ ಸರಿ, ನೆಟ್ಟಗೆ ನನ್ನ ಮುಖ ನೋಡಲಿ ಅನ್ನುವ ಆಸೆ ಮಾತ್ರ ಒಳಗೆಲ್ಲೋ ಇತ್ತು.

ಅಮ್ಮನ ಜೊತೆಗೆ ಊರಿಂದ ಬಂದ ಸಾಮಾನಿನಲ್ಲಿ ಒಂದು ಟಿವಿ ಇತ್ತು. ತಮಿಳುನಾಡು ಸರ್ಕಾರ ರೇಷನ್ ಕಾರ್ಡಿದ್ದವರಿಗೆಲ್ಲ ಬಿಟ್ಟಿಯಾಗಿ ಹಂಚಿದ ಬಣ್ಣದ ಟಿವಿ, ಪುಟ್ಟದು, ಹಿಂದುಗಡೆ ಮಾತ್ರ ಗರ್ಭಿಣಿಯ ಹೊಟ್ಟೆಯ ಹಾಗೆ ಉಬ್ಬಿಕೊಂಡಿದ್ದು. ಊರಿನಲ್ಲಿ ಅದಕ್ಕೆ ಕೇಬಲ್ಲಿನವನು ತಮಿಳು ಚಾನೆಲ್ಲುಗಳನ್ನೇ ಕೊಡುತ್ತಿದ್ದ. ಅಮ್ಮನಿಗೆ ಅದೇನೂ ಕಷ್ಟವಾಗಿರಲಿಲ್ಲ. ಸಂತೆಯಲ್ಲಿ ತಮಿಳು, ಪಕ್ಕದ ಮನೆಯವರ ಜೊತೆ ತೆಲುಗು, ಅಪ್ಪನ ಜೊತೆ ಜಗಳಕ್ಕೆ ಕನ್ನಡ ಎಂದು ಅವಳು ಮೂರನ್ನೂ ಹಂಚಿಕೊಂಡೇ ಬಾಳಿದವಳು. ಹೊಸೂರಿನ ನಮ್ಮ ಮನೆಯ ಮೇಲೆ ಡಿಶ್ ಇತ್ತು, ಕನ್ನಡ ಧಾರಾವಾಹಿಗಳು ಬರುತ್ತಿದ್ದವು. ನಮ್ಮ ಟಿವಿ ಸುಟ್ಟುಹೋಗಿ ಮೂಲೆ ಸೇರಿದ್ದರಿಂದ ಬಿಟ್ಟಿ ಟಿವಿಯೇ ಅದರ ಜಾಗದಲ್ಲಿ ಕುಳಿತಿತ್ತು.

ಒಂದು ದಿನ ಊಟದ ಹೊತ್ತಿಗೆ ಅಮ್ಮ ಕ್ಯಾಲೆಂಡರನ್ನು ನೋಡುತ್ತ ಒಂದು ದೊಡ್ಡ ಟಿವಿ ತೆಗೆದುಕೊಳ್ಳೋಣ ಎಂದಳು. ಈ ಟಿವಿಯಲ್ಲಿ ಯಾರ ಮುಖವೂ ಕಾಣುವುದಿಲ್ಲವಂತೆ. ಹೊಸೂರಿಗೆ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕಣ್ಣು ಮಂಜಾಗಿದೆಯೇ ಎಂದು ನನ್ನ ಗಂಡ ವಿಚಾರಿಸಿದರು. ಅದಕ್ಕೆ ಮೊದಲೇ ಊರ ಸ್ಕೂಲಿನಲ್ಲಿ ನಡೆದ ಕ್ಯಾಂಪಿನಲ್ಲಿ ಅವಳಿಗೆ ಪೊರೆ ತೆಗೆಸಿ ಲೆನ್ಸ್ ಹಾಕಿಸಿಯಾಗಿತ್ತು, ಕಪ್ಪು ಕನ್ನಡಕ ಹಾಕಿಕೊಂಡು ಅಪ್ಪನ ಪಕ್ಕ ನಿಂತಿದ್ದ ಫೋಟೊ ಕೂಡ ಇದೆ. ಅಮ್ಮ ಕಣ್ಣು ಚೆನ್ನಾಗಿದೆ, ಟಿವಿಯೇ ಚಿಕ್ಕದು ಎಂದಳು. ಚಿಕ್ಕದಂತೂ ನಿಜ. ನಾವು ಒಪ್ಪಿಕೊಂಡೆವು. ಅವಳ ಮುನಿಸು ಟಿವಿಯಿಂದ ಇಳಿಯುವುದಾದರೆ ಇಳಿಯಲಿ ಎಂದು ನಾನು ಲೆಕ್ಕ ಹಾಕಿದೆ.

ನನ್ನ ಗಂಡ ತುಮಕೂರು ಕಡೆಯವರು, ಹೊಸೂರಿಗೆ ಕಾರ್ಖಾನೆ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ಯಾವ ವಸ್ತುವನ್ನೂ ಸುಮ್ಮನೆ ಕೊಳ್ಳುವ ಜಾತಿಯಲ್ಲ. ನಮ್ಮ ಮನೆಗೆ ಮಿಕ್ಸಿ ಬರುವ ಮುಂಚೆ ಅದರ ಮೋಟಾರಿನ ಜಾತಕ ಬಂದಿತ್ತು. ಚಪ್ಪಟೆ ಟಿವಿ ಎಂದಾಕ್ಷಣ ಅವರಿಗೆ ಒಂದು ವಾರದ ಹಬ್ಬ. ಎಲ್‌ಸಿಡಿ ಒಳ್ಳೆಯದೋ ಪ್ಲಾಸ್ಮಾ ಒಳ್ಳೆಯದೋ, ಪಕ್ಕದಿಂದ ನೋಡಿದರೆ ಬಣ್ಣ ಮಂಕಾಗುತ್ತದೆಯೋ ಇಲ್ಲವೋ, ನಮ್ಮ ಮಂಚದಿಂದ ಗೋಡೆಗೆ ಇರುವ ದೂರಕ್ಕೆ ಎಷ್ಟು ಇಂಚು ಸರಿ, ಇದೆಲ್ಲ ಊಟದ ಜೊತೆಗೆ ಬಡಿಸಲಾಯಿತು. ಮೂವತ್ತೆರಡು ಇಂಚು ಸಾಕು, ಅದಕ್ಕಿಂತ ದೊಡ್ಡದಾದರೆ ಕಣ್ಣಿಗೆ ಆಯಾಸ ಎನ್ನುವುದು ಅವರ ತೀರ್ಪು. ಇಂಚನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯುತ್ತಾರೆ ಎಂದು ಅವರು ವಿವರಿಸಿದಾಗ ಅಮ್ಮ ಎದ್ದು ಹೋಗಿ ಗೋಡೆಯ ಮೇಲೆ ಗೇಣು ಹಾಕಿದಳು. ಬಟ್ಟೆಯನ್ನೂ ಬಾಗಿಲನ್ನೂ ನೆಟ್ಟಗೆ ಅಳೆಯುವ ಜನ ಟಿವಿಯನ್ನು ಮಾತ್ರ ಯಾಕೆ ಓರೆಯಾಗಿ ಅಳೆಯಬೇಕು ಎಂದು ಕೇಳಿದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಒಂದು ಭಾನುವಾರ ಮೂವರೂ ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋದೆವು. ಒಳಗೆ ಎಸಿಯ ತಣ್ಣನೆ ಗಾಳಿ. ಒಂದು ಇಡೀ ಗೋಡೆಗೆ ಟಿವಿಗಳನ್ನು ತೂಗುಹಾಕಿದ್ದರು, ಎಲ್ಲದರಲ್ಲೂ ಒಂದೇ ಚಿತ್ರ. ಒಂದು ಹೂವು ಅರಳಿದರೆ ಗೋಡೆಯುದ್ದಕ್ಕೂ ಅರಳುತ್ತಿತ್ತು, ಮೀನು ಬಾಲ ಆಡಿಸಿದರೆ ಎಲ್ಲ ಮೀನೂ ಒಟ್ಟಿಗೆ ಆಡಿಸುತ್ತಿದ್ದವು. ಸದ್ದು ಇರಲಿಲ್ಲ. ಟಿವಿಗಳ ಸಾಲು ಮುಗಿದ ಕಡೆ ಫ್ರಿಜ್ಜುಗಳನ್ನು ನಿಲ್ಲಿಸಿದ್ದರು. ಅಮ್ಮನಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಸೇಲ್ಸಿನವನು ತಮಿಳಿನಲ್ಲಿ ಕಾಂಟ್ರಾಸ್ಟ್ ಎಂದು ಶುರು ಮಾಡಿದ, ನನ್ನ ಗಂಡ ಅವರ ತುಮಕೂರು ತಮಿಳಿನಲ್ಲಿ ಅವನಿಗೇ ಪಾಠ ಹೇಳಲು ಶುರು ಮಾಡಿದರು. ನಾನು ಅಮ್ಮನ ಪಕ್ಕ ನಿಂತೆ.

ಗೋಡೆಯ ಮೇಲೆ ರೇಷ್ಮೆ ಸೀರೆಯುಟ್ಟ ಒಬ್ಬ ಹೆಂಗಸು ಬಂದಳು. ಅವಳ ಮುಖ ತೆರೆ ತುಂಬ ನಿಂತಿತು. ಅಮ್ಮ ಮಧ್ಯದ ದೊಡ್ಡ ಟಿವಿಯನ್ನು ಒಂದು ಕ್ಷಣ ನೆಟ್ಟಗೆ ನೋಡಿದಳು. ಆಮೇಲೆ ನಿಧಾನವಾಗಿ ಕುತ್ತಿಗೆ ತಿರುಗಿಸಿ ಫ್ರಿಜ್ಜುಗಳನ್ನೇ ನೋಡುತ್ತ ಕುಳಿತುಬಿಟ್ಟಳು. ಸೇಲ್ಸಿನವನು ಮಾತು ನಿಲ್ಲಿಸಿ, ಅಮ್ಮನಿಗೆ ಫ್ರಿಜ್ಜು ಬೇಕಿತ್ತೇ ಎಂದು ಮರ್ಯಾದೆಯಿಂದಲೇ ಕೇಳಿದ. ಅಮ್ಮ ಫ್ರಿಜ್ಜಿನ ಮೇಲಿಂದ ಕಣ್ಣು ಕೀಳದೆ ನನಗಷ್ಟೇ ಕೇಳುವ ಹಾಗೆ ಹೇಳಿದಳು.

"ನಡುಮಧ್ಯದ್ದು ತಗಳಾನ. ಅದ್ರಾಗೆ ಆ ಹೆಣ್ಣು ಇಕ್ಕಂಡಿರೋ ಬೊಟ್ಟು ಕಾಣ್ತೈತೆ."

ಆಗ ನನಗೆ ಹೊಳೆದದ್ದು ದನದ ಸಂತೆ. ಅಪ್ಪ ಹಸು ಕೊಳ್ಳಲು ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗುತ್ತಿದ್ದ. ಹಾಲು ಕರೆಯುವವಳು ಒಪ್ಪದ ಹಸುವನ್ನು ಮನೆಗೆ ತರಬಾರದು ಎನ್ನುವುದು ಅವನ ನಿಯಮ. ಚಿಕ್ಕವಳಾಗಿದ್ದಾಗ ನಾನೂ ಸೆರಗು ಹಿಡಿದು ಹೋಗುತ್ತಿದ್ದೆ. ಅಲ್ಲಿ ನಮ್ಮ ಮನೆಯವರಿಗೆ ಒಂದು ಪದ್ಧತಿ ಇತ್ತು. ಬೇಕಾದ ಹಸುವನ್ನು ನೋಡಬಾರದು. ನೋಡಿದರೆ ದಳ್ಳಾಳಿಗೆ ತಿಳಿದುಬಿಡುತ್ತದೆ, ಬೆಲೆ ಹೇಳಲು ಟವೆಲ್ಲಿನ ಕೆಳಗೆ ಹಿಡಿಯುವ ಬೆರಳು ಒಂದೊಂದಾಗಿ ಹೆಚ್ಚಾಗುತ್ತವೆ. ಅದಕ್ಕೆ ಅಮ್ಮ ಯಾವಾಗಲೂ ಪಕ್ಕದ ಹಸುವನ್ನೇ ನೋಡುತ್ತ ನಿಲ್ಲುತ್ತಿದ್ದಳು. ಅದರ ಕೊಂಬು ನೋಡುವಳು, ಸುಳಿ ನೋಡುವಳು, ಬಾಲ ಎತ್ತಿಸಿ ನೋಡುವಳು. ಅಷ್ಟರಲ್ಲಿ ಬೇಕಾದ ಹಸುವಿನ ಕೆಚ್ಚಲಿನಿಂದ ಗೊರಸಿನವರೆಗೆ ಓರೆಗಣ್ಣಿನಲ್ಲೇ ಎಲ್ಲ ಲೆಕ್ಕವಾಗಿರುತ್ತಿತ್ತು. ಅಮ್ಮ ಯಾವುದನ್ನು ನೋಡುತ್ತಿದ್ದಾಳೋ ಅದಲ್ಲ, ಅದರ ಪಕ್ಕದ್ದು ಎಂದು ಅಪ್ಪನಿಗೆ ಗೊತ್ತು. ದಳ್ಳಾಳಿ ಪಾಪ ಬೇಡದ ಹಸುವಿನ ಗುಣಗಾನ ಮಾಡಿ ಗಂಟಲು ಒಣಗಿಸಿಕೊಳ್ಳುತ್ತಿದ್ದ.

ಎಸಿ ಅಂಗಡಿಯಲ್ಲಿ ಬೆಲೆ ಬರೆದು ಅಂಟಿಸಿದ ಟಿವಿಯ ಮುಂದೆ ಅಮ್ಮ ಅದೇ ಆಟ ಆಡುತ್ತಿದ್ದಾಳೆ ಎಂದುಕೊಂಡೆ. ಆ ವರ್ಷದಲ್ಲಿ ಮೊದಲ ಸಲ ನನಗೆ ಏನೋ ಒಂದಿಷ್ಟು ಆಯಿತು. ಸಂತೋಷ ಎಂದು ಹೇಳುವಷ್ಟಿಲ್ಲ, ಎದೆಯಲ್ಲಿ ಒಂದು ಕಡೆ ಸ್ವಲ್ಪ ಬೆಚ್ಚಗಾಯಿತು. ಗಂಡನನ್ನು ಪಕ್ಕಕ್ಕೆ ಕರೆದು ಸಂತೆಯ ವಿಷಯ ಹೇಳಿದೆ, ಅಮ್ಮ ಒಪ್ಪಿರುವುದು ಮಧ್ಯದ್ದು, ಇಂಚಿನ ಮಾತು ಸಾಕು ಎಂದೆ. ಅವರೂ ಖುಷಿಯಾಗಿ, ಅತ್ತೆ ಜೋರಿದ್ದಾರೆ ಎಂದು ನಕ್ಕು ಮೂವತ್ತೆರಡನ್ನು ಕೈಬಿಟ್ಟರು. ನಲವತ್ತು ಇಂಚಿನದಕ್ಕೆ ಬಿಲ್ ಆಯಿತು.

ಟಿವಿ ಮನೆಗೆ ಬಂದು ಗೋಡೆಯ ಮೇಲೆ ಕುಳಿತ ದಿನ ಅಮ್ಮ ಅರಿಶಿನ ಕುಂಕುಮದ ಬಟ್ಟಲು ತಂದಳು. ಅಂಗೈಯಿಂದ ಟಿವಿಯ ಅಂಚನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿಕೊಂಡು ಹೋಗಿ, ಮೂಲೆ ಸಿಕ್ಕ ಮೇಲೆ ಅಲ್ಲಿ ಕುಂಕುಮ ಇಟ್ಟಳು. ಕುಂಕುಮ ತೆರೆಗೆ ತಾಗಿದರೆ ಏನಾಗುತ್ತದೋ ಎಂದು ನನ್ನ ಗಂಡ ಉಸಿರು ಹಿಡಿದು ನಿಂತಿದ್ದರು. ಹೊಸ ಹಸುವಿನ ಬೆನ್ನು ಸವರುವ ಹಾಗೇ ಸವರುತ್ತಿದ್ದಾಳೆ ಎಂದು ನಾನು ಅಂದುಕೊಂಡೆ. ಒಂದು ಸಲ ಒಂದು ಅರ್ಥ ಸಿಕ್ಕಿತೆಂದರೆ ಆಮೇಲೆ ಕಂಡದ್ದೆಲ್ಲ ಅದಕ್ಕೇ ಹೊಂದುತ್ತದೆ.

ಆಮೇಲಿನ ದಿನಗಳಲ್ಲಿ ಆದದ್ದು ಇಷ್ಟು. ಸಂಜೆ ಧಾರಾವಾಹಿ ಶುರುವಾದರೆ ಅಮ್ಮ ಮಂಚದ ಮೇಲೆ ಬಂದು ಕೂರುತ್ತಿದ್ದಳು. ಮೊದಲು ಟಿವಿಯ ಕಡೆಗೆ ನೆಟ್ಟಗೆ ನೋಡುವಳು, ಕಣ್ಣು ಕಿರಿದು ಮಾಡುವಳು, ಒಂದು ಸಲ ಕಣ್ಣೊರೆಸಿಕೊಳ್ಳುವಳು. ಆಮೇಲೆ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಬಿಡುವಳು. ಕಿಟಕಿಯ ಆಚೆ ಎದುರು ಮನೆಯ ನೀರಿನ ಟ್ಯಾಂಕ್ ಬಿಟ್ಟು ಏನೂ ಇಲ್ಲ. ಮನೆ ತುಂಬ ಬಣ್ಣ ಚೆಲ್ಲುತ್ತ ಟಿವಿ ತನ್ನಷ್ಟಕ್ಕೆ ಓಡುತ್ತಿತ್ತು, ಅಮ್ಮ ಟ್ಯಾಂಕ್ ನೋಡುತ್ತ ಕುಳಿತಿರುತ್ತಿದ್ದಳು. ಗಂಡ ಒಂದೆರಡು ದಿನ ನೋಡಿ, ಅತ್ತೆಗೆ ರುಚಿಸಲಿಲ್ಲವೇನೋ ಎಂದು ಕ್ರಿಕೆಟ್ ಹಾಕಿಕೊಂಡರು. ಅವರಿಗಂತೂ ರುಚಿಸಿತ್ತು.

ಆಗ ಎದೆಯಲ್ಲಿ ಬೆಚ್ಚಗಾಗಿದ್ದ ಜಾಗವೂ ಆರಿತು. ಬೇಕೆಂದು ಕೇಳಿ ತರಿಸಿಕೊಂಡು ಈಗ ಟಿವಿಗೂ ನನಗೆ ಮಾಡಿದ್ದನ್ನೇ ಮಾಡುತ್ತಿದ್ದಾಳೆ, ನಾನು ಕೊಟ್ಟದ್ದು ಯಾವುದನ್ನೂ ನೋಡಬಾರದೆಂದು ಶಪಥ ಮಾಡಿದ್ದಾಳೆ ಎಂದುಕೊಂಡೆ. ಊರಿಗೆ ವಾಪಸ್ ಕಳಿಸಿಬಿಡುವುದೇ ಸರಿ, ದೊಡ್ಡಪ್ಪನ ಮನೆಯವರು ಎರಡು ಹೊತ್ತು ನೋಡಿಕೊಳ್ಳುತ್ತಾರೆ ಎಂದೂ ಯೋಚಿಸಿದೆ. ಹಾಗೆ ಯೋಚಿಸುವಾಗಲೂ ಏನೂ ಅನ್ನಿಸಲಿಲ್ಲ. ಸ್ಟೋರ್ಸಿನಲ್ಲಿ ಒಂದು ಪೆಟ್ಟಿಗೆಯನ್ನು ಈ ಕಪಾಟಿನಿಂದ ಆ ಕಪಾಟಿಗೆ ಇಡುವಷ್ಟೇ ನಿರಾಳವಾಗಿ ಅದನ್ನು ತೀರ್ಮಾನಿಸಿದ್ದೆ.

ಅದನ್ನು ಹೇಳಿಬಿಡೋಣವೆಂದು ಆರಿಸಿಕೊಂಡ ಸಂಜೆ ಗಂಡನಿಗೆ ಸೆಕೆಂಡ್ ಶಿಫ್ಟ್ ಇತ್ತು. ಮನೆಯಲ್ಲಿ ನಾವಿಬ್ಬರೇ. ಟಿವಿಯಲ್ಲಿ ಯಾರದೋ ಸೊಸೆ ಅಡುಗೆಮನೆಯ ಬಾಗಿಲಿಗೆ ಒರಗಿ ಅಳುತ್ತಿದ್ದಳು. ಅಮ್ಮ ಟ್ಯಾಂಕ್ ನೋಡುತ್ತಿದ್ದಳು. ನಾನು ರಿಮೋಟ್ ತೆಗೆದುಕೊಂಡು ಆರಿಸಿದೆ.

ಯಾಕೆ ಆರಿಸಿದೆ, ನೋಡುತ್ತಿದ್ದೆನಲ್ಲ ಎಂದಳು ಅಮ್ಮ.

"ಎಲ್ಲಮ್ಮ ನೋಡ್ತಿದ್ದೆ? ಹಸು ಮನೆಗೆ ಬಂದು ಕೊಟ್ಟಿಗೆ ಸೇರ್ತು. ಇನ್ನೂ ಯಾರ್ಗೆ ಈ ಆಟ?" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಅಂಗಡಿಯಲ್ಲಿ ಫ್ರಿಜ್ಜು ನೋಡುತ್ತ ಟಿವಿ ಆಯ್ಕೆ ಮಾಡಿದ್ದನ್ನು ನೆನಪಿಸಿದೆ. ಸಂತೆಯನ್ನೂ ಅಪ್ಪನನ್ನೂ ನೆನಪಿಸಿದೆ. ಅಮ್ಮ ಸಣ್ಣಗೆ ನಕ್ಕಳು. ಅಪ್ಪನ ಹೆಸರೆತ್ತಿದಾಗ ನಕ್ಕದ್ದು ಅದೇ ಮೊದಲು.

"ಆಟ ಅಲ್ಲ ಕಣಮ್ಮ. ನೆಟ್ಗೆ ನೋಡಿದ್ರೆ ಮಕ ಇರೋ ಜಾಗ್ದಾಗೆ ಮಸಿ ಬಳ್ದಂಗೆ ಐತೆ. ಪಕ್ಕಕ್ಕೆ ತಿರುಗ್ಕಂಡ್ರೆ ಓರೆನಾಗೆ ಒಸಿ ಕಾಣ್ತೈತೆ."

ನಾನು ರಿಮೋಟ್ ಹಿಡಿದು ನಿಂತೇ ಇದ್ದೆ. ಅವಳು ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳಿದಳು. ಅಪ್ಪ ಹಾಸಿಗೆ ಹಿಡಿದಾಗಲೇ ಶುರುವಾಗಿತ್ತಂತೆ. ಮೊದಲು ಸೂಜಿಯ ಕಣ್ಣು ಹೋಯಿತು, ಆಮೇಲೆ ಅಕ್ಕಿಯಲ್ಲಿನ ಕಲ್ಲು, ಆಮೇಲೆ ಮನುಷ್ಯರ ಮುಖ. ಬಂದು ಹೋಗುವವರನ್ನು ನಡಿಗೆಯಲ್ಲಿ, ಸೀರೆಯ ಅಂಚಿನಲ್ಲಿ, ಕೆಮ್ಮಿನಲ್ಲಿ ಗುರುತು ಹಿಡಿಯುತ್ತಿದ್ದಳು. ನಮ್ಮ ಮನೆಗೆ ಬಂದ ಮೇಲೆ ಒಂದು ಯೋಚನೆ ಬಂತಂತೆ. ಬಿಟ್ಟಿ ಟಿವಿ ಚಿಕ್ಕದು, ಅದಕ್ಕೇ ಮುಖ ಕಾಣುತ್ತಿಲ್ಲ, ಆಳೆತ್ತರದ ಟಿವಿಯಲ್ಲಿ ನೆಟ್ಟಗೇ ಕಂಡರೆ ಕಣ್ಣು ಚೆನ್ನಾಗಿದೆ ಎಂದು ಲೆಕ್ಕ. ಅದಕ್ಕೇ ಕೇಳಿದ್ದು. ದೊಡ್ಡ ಟಿವಿಯಲ್ಲಿ ಹಣೆ ಕಾಣುವಾಗ ಮೂಗು ಇರುವುದಿಲ್ಲ, ಮೂಗು ಹುಡುಕಿದರೆ ಹಣೆ ಹೋಗುತ್ತದೆ, ಓರೆಯಲ್ಲಿ ನೋಡಿದರೆ ಮಾತ್ರ ಎರಡೂ ಸೇರಿ ಒಂದು ಮುಖವಾಗುತ್ತದೆ ಎಂದಳು. ನೀವು ಇಷ್ಟೆಲ್ಲ ಓಡಾಡಿ ತಂದಿದ್ದೀರಿ, ಕಾಣುವುದಿಲ್ಲ ಎಂದು ಹೇಗೆ ಹೇಳಲಿ ಎಂದೂ ಸೇರಿಸಿದಳು.

ಆಮೇಲೆ ಅವಳನ್ನು ಬೆಂಗಳೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆವು. ಪೊರೆಯ ಆಪರೇಷನ್ ಸರಿಯಾಗಿಯೇ ಆಗಿದೆ, ಕೆಟ್ಟಿರುವುದು ಕಣ್ಣಿನ ಹಿಂದಿನ ಪರದೆಯ ನಡುಭಾಗ, ಹೋದದ್ದು ವಾಪಸ್ ಬರುವುದಿಲ್ಲ, ಸುತ್ತಲಿನದು ಉಳಿದಿರುತ್ತದೆ ಎಂದರು. ಪಕ್ಕಕ್ಕೆ ನೋಡಿ ಕಾಣುವುದನ್ನು ಅಭ್ಯಾಸ ಮಾಡಬೇಕು ಎಂದೂ ಹೇಳಿದರು. ಅದನ್ನು ಅಮ್ಮ ಸಂತೆಯಲ್ಲೇ ಕಲಿತಿದ್ದಾಳೆ ಎಂದು ನಾನು ಡಾಕ್ಟರಿಗೆ ಹೇಳಲಿಲ್ಲ. ಇದೆಲ್ಲ ಆಮೇಲಿನ ಮಾತು.

ಆ ಸಂಜೆ ನಾನು ಕೇಳಬೇಕಾದದ್ದು ಒಂದೇ ಇತ್ತು.

"ಹಂಗಾರೆ ನನ್ನ ಮಕ?"

"ನಿನ್ನ ಮಕ ಕಾಣ್ಬೇಕು ಅಂದ್ರೆ ನಿನ್ನ ನೋಡ್ಬಾರ್ದು ಕಣಮ್ಮ," ಎಂದಳು ಅಮ್ಮ. "ಅದ್ಕೇ ಗೋಡೆ ನೋಡ್ತೀನಿ."

ಆ ಕ್ಯಾಲೆಂಡರ್ ನೆನಪಾಯಿತು. ಬಾಗಿಲು ನೆನಪಾಯಿತು. ಅವಳು ತಿರುಗಿಕೊಂಡಾಗೆಲ್ಲ ನಾನು ಎದ್ದು ಒಳಗೆ ಹೋಗಿದ್ದು ನೆನಪಾಯಿತು. ಸ್ಟೂಲ್ ಎಳೆದುಕೊಂಡು ಅವಳ ಎದುರಿಗೆ ಕುಳಿತೆ. ಆರಿಸಿದ ಟಿವಿ ಗೋಡೆಯ ಮೇಲೆ ಕಪ್ಪಗಿತ್ತು. ಹೊರಗೆ ಹಾಲಿನವನ ಸೈಕಲ್ ಗಂಟೆ ಕೇಳಿಸಿತು. ಅಮ್ಮ ತನ್ನ ಮುಖವನ್ನು ನನ್ನ ಕಡೆಗೇ ನೆಟ್ಟಗೆ ಇಟ್ಟುಕೊಂಡು ಮಾತಾಡಿದಳು. ನಾನು ಇಷ್ಟು ದಿನ ಕಾದಿದ್ದು ಅದಕ್ಕೇ, ಆದರೆ ಈಗ ಅವಳಿಗೆ ಅಲ್ಲಿ ನಾನು ಇಲ್ಲ, ಮಸಿ ಮಾತ್ರ ಇದೆ ಎಂದು ನನಗೆ ಗೊತ್ತಿತ್ತು.

"ನಿಮ್ಮಪ್ಪ ಹೋದಾಗಿಂದ ನೀನು ಅಳ್ನಿಲ್ಲ," ಎಂದಳು. "ಒಳಗೊಳ್ಗೇ ಏನಾಗ್ಬುಟ್ಟೈತೋ ಅಂತ ದಿನಾ ನೋಡ್ತಾ ಇವ್ನಿ."

ಊರ ಹೆಂಗಸರು ಹೆಗಲು ಹಿಡಿದು ಅಲ್ಲಾಡಿಸಿದಾಗ ಬರದಿದ್ದದ್ದು ಆಗ ಬಂತು. ಸದ್ದು ಮಾಡಲಿಲ್ಲ. ಅವಳು ನೆಟ್ಟಗೆ ನೋಡುತ್ತಿದ್ದಾಳೆ, ಕಾಣುವುದಿಲ್ಲ ಎಂದುಕೊಂಡು ಒರೆಸಿಕೊಳ್ಳಲೂ ಹೋಗಲಿಲ್ಲ. ಕೆನ್ನೆಯ ಮೇಲಿಂದ ಇಳಿದು ಕೈಯಲ್ಲಿದ್ದ ರಿಮೋಟಿನ ಮೇಲೆ ಬಿತ್ತು. ನನ್ನ ಉಸಿರಿನಲ್ಲಿ ಅವಳಿಗೆ ಏನು ಕೇಳಿಸಿತೋ ಗೊತ್ತಿಲ್ಲ. ಅಮ್ಮ ಮಾತು ನಿಲ್ಲಿಸಿ, ನಿಧಾನವಾಗಿ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದಳು.